ಎಣಿಸದೇ ಹೋದ ಗಜಗಳು: ಫ್ರಿಟ್ಜ್ ಪೊಲಾರ್ಡ್ ಮತ್ತು ಅಮೆರಿಕದ ವೃತ್ತಿಪರ ಫುಟ್‌ಬಾಲಿನ ಮೊದಲ ದಿನಗಳು

ನಾನು ಕಾಸರಗೋಡಿನವಳು, ಕನ್ನಡ ಎಂ.ಎ. ಎರಡನೇ ವರ್ಷ. ನಮ್ಮ ಕಡೆ ಫುಟ್‌ಬಾಲ್ ಅಂದ್ರೆ ಏಳೇಳು ಜನ ಆಡುವ ಸೆವೆನ್ಸ್. ಈವತ್ತು ನಾನು ಹೇಳಹೊರಟಿರುವುದು ಆ ಆಟದ ಕಥೆ ಅಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಫುಟ್‌ಬಾಲಿನ ಕಥೆ. ಅದರಲ್ಲೂ ಒಬ್ಬ ಓಟಗಾರನ ಕಥೆ.

ಕನ್ನಡ ಸಾಹಿತ್ಯ ಓದುವವಳಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಕಳೆದ ಸೆಮಿಸ್ಟರಿನಲ್ಲಿ ಸಾಹಿತ್ಯ ಚರಿತ್ರೆಯ ತರಗತಿಯಲ್ಲಿ 'ಮೊದಲನೆಯದು' ಎಂಬ ಮಾತಿನ ಬಗ್ಗೆ ದೊಡ್ಡ ಚರ್ಚೆಯೇ ನಡೆದಿತ್ತು. ಕನ್ನಡದ ಮೊದಲ ಕಾದಂಬರಿ ಯಾವುದು? 1823ರ 'ಮುದ್ರಾಮಂಜೂಷ'ವನ್ನು ಮುಂದಿಡುವವರು ಉಂಟು, 1899ರ 'ಇಂದಿರಾಬಾಯಿ'ಯನ್ನು ಮುಂದಿಡುವವರೂ ಉಂಟು. ಉತ್ತರ ಕೃತಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಾವು ಯಾವುದನ್ನು ಕಾದಂಬರಿ ಅಂತ ಎಣಿಸುತ್ತೇವೆ ಎಂಬುದರಲ್ಲಿ ಇದೆ ಅಂತ ಆ ದಿನ ನಮ್ಮ ಮೇಡಂ ಹೇಳಿದ್ದರು. ಎಣಿಸುವವರು ಯಾರು, ಯಾವಾಗ ಎಣಿಸಲು ಶುರು ಮಾಡಿದರು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಫ್ರಿಟ್ಜ್ ಪೊಲಾರ್ಡ್ ಎಂಬ ಆಟಗಾರನ ವೃತ್ತಿಜೀವನ ಆ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಅಂತ ನನಗೆ ಅನ್ನಿಸಿದೆ.

ಆಟ ಹೇಗಿತ್ತು

ಮೊದಲು ಆಟದ ಬಗ್ಗೆ ಎರಡು ಮಾತು. ತಂಡಕ್ಕೆ ಹನ್ನೊಂದು ಜನ. ಮೈದಾನದ ಉದ್ದ ನೂರು ಗಜ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ರೆ ಚೆಂಡು ಎದುರಾಳಿಯ ಪಾಲು. ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗುವವನಿಗೆ ಈಗ ರನ್ನಿಂಗ್ ಬ್ಯಾಕ್ ಅಂತಾರೆ. ಆಗಿನ ಕಾಲದಲ್ಲಿ ಹಾಫ್‌ಬ್ಯಾಕ್, ಫುಲ್‌ಬ್ಯಾಕ್ ಅಂತಿದ್ದರು. ನಮ್ಮ ಕಬಡ್ಡಿಯ ರೈಡರ್‌ನನ್ನು ನೆನಪು ಮಾಡಿಕೊಳ್ಳಿ. ರೈಡರ್ ಮುಟ್ಟಿ ತಿರುಗಿ ತನ್ನ ಅಂಕಣಕ್ಕೆ ಬರಬೇಕು. ಇವನಿಗೆ ತಿರುಗಿ ಬರುವ ದಾರಿ ಇಲ್ಲ, ಬೀಳುವವರೆಗೆ ಮುಂದಕ್ಕೇ ಹೋಗಬೇಕು. ವ್ಯತ್ಯಾಸ ಅಷ್ಟೇ.

ಚೆಂಡನ್ನು ಮುಂದಕ್ಕೆ ಎಸೆಯಲು 1906ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಆಗಿನ ಚೆಂಡು ದಪ್ಪ, ಎಸೆಯಲು ಕಷ್ಟ. ಹಾಗಾಗಿ ಆಟ ನಿಂತದ್ದು ಓಟದ ಮೇಲೆ. ಅದೇ ಹನ್ನೊಂದು ಜನ ದಾಳಿಯನ್ನೂ ಮಾಡಬೇಕು, ರಕ್ಷಣೆಯನ್ನೂ ಮಾಡಬೇಕು. ಬಿದ್ದವನ ಮೇಲೆ ಇನ್ನೂ ನಾಲ್ಕು ಜನ ಬೀಳುವುದು ಮಾಮೂಲು.

ಕ್ಷೌರಿಕನ ಮಗ

ಫ್ರೆಡರಿಕ್ ಡಗ್ಲಸ್ ಪೊಲಾರ್ಡ್ ಹುಟ್ಟಿದ್ದು 1894ರ ಜನವರಿ 27ರಂದು, ಶಿಕಾಗೋದಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಬರೆದು, ಭಾಷಣ ಮಾಡಿದ ಫ್ರೆಡರಿಕ್ ಡಗ್ಲಸ್ ಅವರ ಹೆಸರನ್ನು ಅಪ್ಪ ಅಮ್ಮ ಮಗನಿಗೆ ಇಟ್ಟಿದ್ದರು. ಅಪ್ಪ ಕ್ಷೌರಿಕ, ಅಮ್ಮ ಬಟ್ಟೆ ಹೊಲಿಯುವವರು. ಮನೆ ಇದ್ದದ್ದು ಬಿಳಿಯರೇ ಹೆಚ್ಚಿದ್ದ ರೋಜರ್ಸ್ ಪಾರ್ಕ್ ಬಡಾವಣೆಯಲ್ಲಿ. 'ಫ್ರಿಟ್ಜ್' ಎನ್ನುವುದು ಕರೆಯುವ ಹೆಸರು.

ಆಳು ದೊಡ್ಡವನಲ್ಲ. ಎತ್ತರ ಐದು ಅಡಿ ಒಂಬತ್ತು ಇಂಚು, ತೂಕ ಸುಮಾರು 75 ಕಿಲೋ. ನುಗ್ಗಿ ಕೆಡಹುವ ಮೈಕಟ್ಟು ಆತನದಲ್ಲ. ವೇಗದಲ್ಲಿ ಓಡುತ್ತಿರುವಾಗಲೇ ದಿಕ್ಕು ಬದಲಿಸುವುದು, ಹಿಡಿಯಲು ಬಂದವನ ಕೈಗೆ ಸಿಕ್ಕ ಹಾಗೆ ಮಾಡಿ ಜಾರಿಕೊಳ್ಳುವುದು ಆತನ ವಿದ್ಯೆ. ಇದರ ಜೊತೆಗೆ ಇನ್ನೊಂದನ್ನೂ ಕಲಿತಿದ್ದ. ಕೆಳಗೆ ಬಿದ್ದ ಕೂಡಲೇ ಅಂಗಾತ ಹೊರಳಿ, ಮೊಳೆಯಿರುವ ಬೂಟಿನ ಕಾಲುಗಳನ್ನು ಮೇಲಕ್ಕೆತ್ತಿ ಆಡಿಸುತ್ತಿದ್ದ. ಬಿದ್ದವನ ಮೇಲೆ ಬೇಕಂತಲೇ ಬಂದು ಬೀಳುವವರಿಗೆ ಅದು ಎಚ್ಚರಿಕೆ. ಕಪ್ಪು ಆಟಗಾರನ ಮೇಲೆ ಸುಮ್ಮನೆ ಬೀಳುವುದಲ್ಲ, ಮುರಿಯಲಿಕ್ಕೆ ಅಂತಲೇ ಬೀಳುವವರಿದ್ದರು. ಆತನ ಆಟದ ಶೈಲಿ ಅಂತ ನಾವು ಕರೆಯುವುದರಲ್ಲಿ ಎಷ್ಟು ಭಾಗ ಜಾಣತನ, ಎಷ್ಟು ಭಾಗ ಜೀವ ಉಳಿಸಿಕೊಳ್ಳುವ ಉಪಾಯ ಅಂತ ಬೇರೆ ಮಾಡಿ ಹೇಳುವುದು ಕಷ್ಟ.

1915ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ತಂಡ ಸೇರಿದ. 1916ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಬ್ರೌನ್ ತಂಡ ವಾಷಿಂಗ್ಟನ್ ಸ್ಟೇಟ್ ವಿರುದ್ಧ ಆಡಿತು. ಮುಂದೆ ರೋಸ್ ಬೌಲ್ ಅಂತ ಹೆಸರಾದ ಪಂದ್ಯ ಅದು. ಅದರಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಪೊಲಾರ್ಡ್. ಮಳೆ ಬಿದ್ದು ಮೈದಾನ ಕೆಸರಾಗಿತ್ತು, ತಿರುಗಿ ಜಾರಿಕೊಳ್ಳುವ ಆಟಗಾರನಿಗೆ ಕಾಲು ನಿಲ್ಲಲಿಲ್ಲ. ಬ್ರೌನ್ 14-0ರಿಂದ ಸೋತಿತು. ಆದರೆ ಆ ವರ್ಷದ ಕೊನೆಯಲ್ಲಿ ಬ್ರೌನ್ ತಂಡ ಯೇಲ್ ತಂಡವನ್ನು 21-6ರಿಂದ, ಹಾರ್ವರ್ಡ್ ತಂಡವನ್ನು 21-0ಯಿಂದ ಸೋಲಿಸಿತು. ಎರಡೂ ಪಂದ್ಯಗಳ ನಾಯಕ ಪೊಲಾರ್ಡ್. ಆಗ ದೇಶದ ಅತ್ಯುತ್ತಮ ಆಟಗಾರರ ಪಟ್ಟಿ ತಯಾರಿಸುತ್ತಿದ್ದ ವಾಲ್ಟರ್ ಕ್ಯಾಂಪ್ ತನ್ನ 1916ರ ಮೊದಲ ತಂಡದಲ್ಲಿ ಪೊಲಾರ್ಡ್‌ಗೆ ಜಾಗ ಕೊಟ್ಟ. ಚೆಂಡು ಹಿಡಿದು ಓಡುವ ಸ್ಥಾನಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಈತನೇ.

ಇಲ್ಲಿ ಒಂದು ಕಥೆ ಹೇಳಬೇಕು. ಯೇಲ್ ಪಂದ್ಯದಲ್ಲಿ ಅಲ್ಲಿನ ಪ್ರೇಕ್ಷಕರು 'ಬೈ ಬೈ ಬ್ಲ್ಯಾಕ್‌ಬರ್ಡ್' ಹಾಡನ್ನು ಹಾಡಿ ಪೊಲಾರ್ಡ್‌ನನ್ನು ಗೇಲಿ ಮಾಡಿದರು ಅಂತ ಹಲವು ಬರಹಗಳಲ್ಲಿ ಬರುತ್ತದೆ. ಕೇಳಿದವರು ನಂಬುವಂತಹ ಕಥೆ. ಆದರೆ ಆ ಹಾಡು ಹೊರಬಂದದ್ದೇ 1926ರಲ್ಲಿ! ಪೊಲಾರ್ಡ್ ಯೇಲ್ ವಿರುದ್ಧ ಆಡಿ ಹತ್ತು ವರ್ಷ ಕಳೆದ ಮೇಲೆ. ಹಾಗಾದರೆ ಕಥೆ ಸುಳ್ಳಾ? ಗೇಲಿ ಸುಳ್ಳಲ್ಲ, ಬೈಗುಳ ಸುಳ್ಳಲ್ಲ. ಹಳೆಯ ಅವಮಾನಕ್ಕೆ ನೆನಪು ಆಮೇಲೆ ಬಂದ ಒಂದು ಹಾಡನ್ನು ಜೋಡಿಸಿಕೊಂಡಿದೆ ಅಂತ ನಾನು ಓದಿಕೊಳ್ಳುತ್ತೇನೆ. ಮೌಖಿಕ ಪರಂಪರೆಯ ಪಠ್ಯಗಳನ್ನು ಓದುವ ನಮಗೆ ಇದು ಹೊಸದೇನಲ್ಲ. ಹಿಂದಿನ ಘಟನೆಗೆ ಆಮೇಲಿನ ವಿವರ ಬಂದು ಸೇರಿಕೊಳ್ಳುವುದನ್ನು ನಾವು ಎಷ್ಟು ಸಲ ನೋಡಿಲ್ಲ?

ಅಕ್ರನ್ ಎಂಬ ರಬ್ಬರ್ ಊರು

1919ರ ಜುಲೈಯಲ್ಲಿ ಪೊಲಾರ್ಡ್‌ನ ಹುಟ್ಟೂರು ಶಿಕಾಗೋದಲ್ಲಿ ಜನಾಂಗೀಯ ಗಲಭೆ ನಡೆದು 38 ಜನ ಸತ್ತರು. ಅದಾಗಿ ಕೆಲವೇ ತಿಂಗಳಿಗೆ ಆತ ಓಹಾಯೋ ರಾಜ್ಯದ ಅಕ್ರನ್ ಊರಿನಲ್ಲಿ ಹಣಕ್ಕೆ ಆಡಲು ಇಳಿದ. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಕಂಪನಿಗಳ ಟೈರು ಕಾರ್ಖಾನೆಗಳಿದ್ದ ಊರು ಅದು. ಕೆಲಸ ಹುಡುಕಿಕೊಂಡು ದಕ್ಷಿಣದ ರಾಜ್ಯಗಳ ಬಿಳಿಯರು ಸಾವಿರಗಟ್ಟಲೆ ಬಂದಿದ್ದರು, ಬರುವಾಗ ಅಲ್ಲಿನ ಜಾತಿಪದ್ಧತಿಯಂತಹ ನಡವಳಿಕೆಯನ್ನೂ ತಂದಿದ್ದರು. ತನ್ನದೇ ಊರಿನ ತಂಡಕ್ಕೆ ಆಡುವವನನ್ನು ತನ್ನದೇ ಊರಿನ ಜನ ಬೈಯುತ್ತಿದ್ದರು. ಆಟದ ದಿನ ಪೊಲಾರ್ಡ್ ಉಳಿದವರ ಜೊತೆ ಬಟ್ಟೆ ಬದಲಿಸುವ ಹಾಗಿರಲಿಲ್ಲ. ತಂಡದ ಮಾಲೀಕರಲ್ಲೊಬ್ಬನಾದ ಫ್ರಾಂಕ್ ನೀಡ್‌ಗೆ ಒಂದು ಚುಟ್ಟಾ ವ್ಯಾಪಾರವಿತ್ತು. ಅಲ್ಲಿ ಬಟ್ಟೆ ಬದಲಿಸಿ, ಕಾರಿನಲ್ಲಿ ಕೂತು, ಆಟ ಶುರುವಾಗುವ ಹೊತ್ತಿಗೆ ನೇರ ಮೈದಾನಕ್ಕೆ ಬರುತ್ತಿದ್ದೆ ಅಂತ ವಯಸ್ಸಾದ ಮೇಲೆ ಆತನೇ ಹೇಳಿಕೊಂಡಿದ್ದಾನೆ.

1920ರ ಸೆಪ್ಟೆಂಬರ್ 17ರಂದು ಓಹಾಯೋದ ಕ್ಯಾಂಟನ್ ಊರಿನ ಒಂದು ಕಾರ್ ಶೋರೂಮಿನಲ್ಲಿ ತಂಡಗಳ ಪ್ರತಿನಿಧಿಗಳು ಸೇರಿ ಅಮೆರಿಕನ್ ಪ್ರೊಫೆಷನಲ್ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. 1922ರಲ್ಲಿ ಅದಕ್ಕೆ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಈಗಿನ ಎನ್‌ಎಫ್‌ಎಲ್ ಅಂತ ಹೆಸರಾಯಿತು. ಮೊದಲ ಅಧ್ಯಕ್ಷ ಆಗಿನ ಹೆಸರಾಂತ ಆಟಗಾರ ಜಿಮ್ ಥಾರ್ಪ್, ಅಮೆರಿಕದ ಮೂಲನಿವಾಸಿ. ಆ ಮೊದಲ ವರ್ಷ ಲೀಗಿನಲ್ಲಿದ್ದ ಕಪ್ಪು ಆಟಗಾರರು ಇಬ್ಬರು: ರಾಕ್ ಐಲೆಂಡ್ ತಂಡದ ಬಾಬಿ ಮಾರ್ಷಲ್, ಅಕ್ರನ್ ಪ್ರೋಸ್ ತಂಡದ ಪೊಲಾರ್ಡ್.

ಅಕ್ರನ್ ಆ ವರ್ಷ ಹನ್ನೊಂದು ಪಂದ್ಯ ಆಡಿತು. ಎಂಟು ಗೆಲುವು, ಮೂರು ಸಮ, ಸೋಲು ಇಲ್ಲ. ಒಟ್ಟು 151 ಅಂಕ ಗಳಿಸಿತು, ಕೊಟ್ಟದ್ದು ಏಳೇ ಏಳು ಅಂಕ. ಥಾರ್ಪ್‌ನ ಕ್ಯಾಂಟನ್ ಬುಲ್‌ಡಾಗ್ಸ್ ತಂಡವನ್ನು ಎರಡು ಸಲ ಸೋಲಿಸಿತು. ಡಿಸೆಂಬರ್ 12ರಂದು ಶಿಕಾಗೋದಲ್ಲಿ ಜಾರ್ಜ್ ಹಾಲಸ್‌ನ ಡೆಕೇಟರ್ ಸ್ಟೇಲೀಸ್ ವಿರುದ್ಧದ ಕೊನೆಯ ಪಂದ್ಯ 0-0 ಆಯಿತು. ಆಗ ಫೈನಲ್ ಎಂಬುದೇ ಇರಲಿಲ್ಲ. ಚಾಂಪಿಯನ್ ಯಾರು ಅಂತ 1921ರ ಏಪ್ರಿಲ್‌ನಲ್ಲಿ ಸಭೆ ಸೇರಿ ಮತ ಹಾಕಿ ತೀರ್ಮಾನಿಸಿದರು. ಅಕ್ರನ್‌ಗೆ ಪ್ರಶಸ್ತಿ ಹೋಯಿತು. ಈಗ ಕೋಟ್ಯಂತರ ಜನ ನೋಡುವ ಲೀಗಿನ ಮೊಟ್ಟಮೊದಲ ಚಾಂಪಿಯನ್ ತಂಡದ ಮುಖ್ಯ ಓಟಗಾರ ಒಬ್ಬ ಕಪ್ಪು ಮನುಷ್ಯ.

ಹಾಗಾದರೆ ಆ ವರ್ಷ ಪೊಲಾರ್ಡ್ ಒಟ್ಟು ಎಷ್ಟು ಗಜ ಓಡಿದ? ಉತ್ತರ ಇಲ್ಲ. ಲೀಗು ಅಧಿಕೃತವಾಗಿ ಅಂಕಿಅಂಶ ಇಡಲು ಶುರು ಮಾಡಿದ್ದು 1932ರಲ್ಲಿ. ಆ ಹೊತ್ತಿಗೆ ಪೊಲಾರ್ಡ್ ಲೀಗು ಬಿಟ್ಟು ಆರು ವರ್ಷ ಆಗಿತ್ತು. ದಾಖಲೆ ಪುಸ್ತಕದ ಓಟಗಾರರ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದರೂ ಆತ ಸಿಗುವುದಿಲ್ಲ. ಇದು ಪೊಲಾರ್ಡ್ ಒಬ್ಬನಿಗೆ ಆದ ಅನ್ಯಾಯ ಅಲ್ಲ, ಥಾರ್ಪ್‌ಗೂ ಹೀಗೇ. ಆದರೆ ಮುಂದೆ ನಡೆದದ್ದನ್ನು ನೋಡಿದರೆ ಈ ಖಾಲಿ ಜಾಗ ಇಬ್ಬರಿಗೂ ಒಂದೇ ರೀತಿ ಕೆಲಸ ಮಾಡಲಿಲ್ಲ ಅಂತ ಗೊತ್ತಾಗುತ್ತದೆ.

ಕೋಚ್ ಯಾರು?

1921ರಲ್ಲಿ ಪೊಲಾರ್ಡ್ ಅಕ್ರನ್ ತಂಡದ ಕೋಚ್ ಆದ. ಎನ್‌ಎಫ್‌ಎಲ್ ಇತಿಹಾಸದ ಮೊದಲ ಕಪ್ಪು ಮುಖ್ಯ ತರಬೇತುದಾರ ಅಂತ ಈಗ ಒಪ್ಪಿಕೊಂಡಿರುವುದು ಇದನ್ನೇ. ಕೆಲವರು ಎಲ್ಗೀ ಟೋಬಿನ್ ಜೊತೆ ಸಹ-ಕೋಚ್ ಅಂತ ಬರೆಯುತ್ತಾರೆ. ಇಲ್ಲಿಯೂ ಪದದ ಅರ್ಥ ನೋಡಬೇಕು. ಈಗಿನ ಹಾಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೆರೆಯ ಪಕ್ಕದಲ್ಲಿ ನಿಂತು ಹೇಳಿಕೊಡುವ ಕೋಚ್ ಆಗ ಇರಲಿಲ್ಲ. ಹೊರಗಿನಿಂದ ಹೇಳಿಕೊಡುವುದೇ ನಿಯಮಕ್ಕೆ ವಿರುದ್ಧ. 1944ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆದ್ದರಿಂದ ಮೈದಾನದ ಒಳಗೆ ಆಡುತ್ತಲೇ ಯಾವ ಆಟ ಆಡಬೇಕು ಅಂತ ಹೇಳುವವನೇ ನಿಜವಾದ ಕೋಚ್. ಬಿಳಿಯ ಆಟಗಾರರಿಗೆ ಕಪ್ಪು ಮನುಷ್ಯನೊಬ್ಬ ಎಲ್ಲಿ ನಿಲ್ಲಬೇಕು, ಯಾರನ್ನು ತಡೆಯಬೇಕು ಅಂತ ಹೇಳುತ್ತಿದ್ದ, ಅವರು ಕೇಳುತ್ತಿದ್ದರು. 1921ರ ಅಮೆರಿಕದಲ್ಲಿ ಇದು ಸಣ್ಣ ವಿಷಯ ಅಲ್ಲ.

ಅದೇ ವರ್ಷ ಪೊಲಾರ್ಡ್ ಒಬ್ಬ ಗೆಳೆಯನನ್ನೂ ಅಕ್ರನ್‌ಗೆ ಕರೆದು ತಂದ. ಕೊಲಂಬಿಯಾದಲ್ಲಿ ಕಾನೂನು ಓದುತ್ತಿದ್ದ ಆ ಹುಡುಗನ ಹೆಸರು ಪಾಲ್ ರೋಬ್ಸನ್. ನಮ್ಮಲ್ಲಿ ರೋಬ್ಸನ್ ಅಂದ್ರೆ ಆ ಕಂಚಿನ ಕಂಠದ ಗಾಯಕ. ಆದರೆ ಓದಿನ ಖರ್ಚಿಗೆ ಆತ ವೃತ್ತಿಪರ ಫುಟ್‌ಬಾಲ್ ಆಡಿದ್ದು ಕಡಿಮೆ ಜನರಿಗೆ ಗೊತ್ತು. 1922ರಲ್ಲಿ ಇಬ್ಬರೂ ಮಿಲ್ವಾಕಿ ಬ್ಯಾಜರ್ಸ್ ತಂಡಕ್ಕೆ ಹೋದರು. ಆ ನವೆಂಬರಿನಲ್ಲಿ, ಮೂಲನಿವಾಸಿ ಆಟಗಾರರೇ ತುಂಬಿದ್ದ ಥಾರ್ಪ್‌ನ ಊರಾಂಗ್ ಇಂಡಿಯನ್ಸ್ ತಂಡವನ್ನು ಮಿಲ್ವಾಕಿ 13-0ಯಿಂದ ಸೋಲಿಸಿದಾಗ ಎರಡೂ ಟಚ್‌ಡೌನ್ ರೋಬ್ಸನ್‌ನದು.

ಆಮೇಲೆ ಪೊಲಾರ್ಡ್ ಹ್ಯಾಮಂಡ್ ಪ್ರೋಸ್‌ಗೆ ಆಡಿದ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳ ನಾಡಿನ ಗಿಲ್ಬರ್ಟನ್ ತಂಡಕ್ಕೆ ಆಡಿದ, ಪ್ರಾವಿಡೆನ್ಸ್‌ಗೆ ಆಡಿದ, 1926ರಲ್ಲಿ ಮತ್ತೆ ಅಕ್ರನ್‌ಗೆ ಬಂದು ಅಲ್ಲೇ ಮುಗಿಸಿದ. ಊರಿಂದ ಊರಿಗೆ ಹೋಗುವ ಮೇಳದವರ ಬದುಕಿನ ಹಾಗೆ. ಅದು ಆ ಕಾಲದ ಎಲ್ಲ ಆಟಗಾರರ ಬದುಕು ಕೂಡ. ಆದರೆ 1925ರಲ್ಲಿ ರೆಡ್ ಗ್ರೇಂಜ್ ಎಂಬ ಕಾಲೇಜು ತಾರೆ ಲೀಗಿಗೆ ಬಂದ ಮೇಲೆ ದೊಡ್ಡ ಊರು, ದೊಡ್ಡ ಹಣದ ಲೆಕ್ಕ ಶುರುವಾಯಿತು. 1926ರಲ್ಲಿ 22 ತಂಡಗಳಿದ್ದ ಲೀಗು 1927ಕ್ಕೆ 12ಕ್ಕೆ ಇಳಿಯಿತು. ಕಪ್ಪು ಆಟಗಾರರಿಗೆ ಅವಕಾಶ ಕೊಟ್ಟಿದ್ದ ಅಕ್ರನ್, ಹ್ಯಾಮಂಡ್‌ನಂತಹ ಸಣ್ಣ ಊರುಗಳ ತಂಡಗಳೇ ಹೋದವು.

ಬರೆಯದ ನಿಯಮ

1920ರಿಂದ 1933ರವರೆಗೆ ಲೀಗಿನಲ್ಲಿ ಆಡಿದ ಕಪ್ಪು ಆಟಗಾರರು ಹದಿಮೂರು ಅಂತ ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. 1933ರಲ್ಲಿ ಉಳಿದಿದ್ದವರು ಇಬ್ಬರು: ಶಿಕಾಗೋ ಕಾರ್ಡಿನಲ್ಸ್‌ನ ಜೋ ಲಿಲ್ಲಾರ್ಡ್, ಪಿಟ್ಸ್‌ಬರ್ಗ್‌ನ ರೇ ಕೆಂಪ್. 1934ರಿಂದ 1945ರವರೆಗೆ ಒಬ್ಬರೂ ಇಲ್ಲ. ಹನ್ನೆರಡು ವರ್ಷ.

ಇಂತಹವರನ್ನು ಸೇರಿಸಬಾರದು ಅಂತ ಲೀಗಿನ ನಿಯಮಾವಳಿಯಲ್ಲಿ ಒಂದು ಸಾಲೂ ಇರಲಿಲ್ಲ. ಮಾಲೀಕರ ನಡುವೆ ಬಾಯಿಮಾತಿನ ಒಪ್ಪಂದ ಆಗಿತ್ತು ಅಂತ ಚರಿತ್ರಕಾರರು ಹೇಳುತ್ತಾರೆ, ಬಾಸ್ಟನ್ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಕಡೆಗೆ ಬೆರಳು ತೋರಿಸುತ್ತಾರೆ. ಆತನ ತಂಡ ಮುಂದೆ ವಾಷಿಂಗ್ಟನ್‌ಗೆ ಹೋಯಿತು, 1962ರವರೆಗೂ ಕಪ್ಪು ಆಟಗಾರನನ್ನು ಆಡಿಸಲಿಲ್ಲ. ಪೊಲಾರ್ಡ್ ಮುಪ್ಪಿನಲ್ಲಿ ಜಾರ್ಜ್ ಹಾಲಸ್‌ನನ್ನೂ ದೂರಿದ. ಹಾಲಸ್ ಅದನ್ನು ಅಲ್ಲಗಳೆದ. ಬರೆದಿಟ್ಟ ನಿಯಮವಾದರೆ ಅದನ್ನು ತೋರಿಸಿ ಪ್ರಶ್ನೆ ಮಾಡಬಹುದು. ಬರೆಯದ ನಿಯಮದ ವಿಷಯದಲ್ಲಿ 'ಯಾರೂ ತಡೆಯಲಿಲ್ಲ, ಯೋಗ್ಯರು ಸಿಗಲಿಲ್ಲ' ಅಂದುಬಿಟ್ಟರೆ ಆಯಿತು.

ಸಿಗದೇ ಇರಲು ಕಾರಣ ಇರಲಿಲ್ಲ ಅನ್ನುವುದಕ್ಕೆ ಪೊಲಾರ್ಡ್ ಸಾಕ್ಷಿ ಸಿದ್ಧಪಡಿಸಿದ. 1920ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ಕಪ್ಪು ಆಟಗಾರರದ್ದೇ ತಂಡ ಕಟ್ಟಿದ. 1935ರಿಂದ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 'ಬ್ರೌನ್ ಬಾಂಬರ್ಸ್' ತಂಡಕ್ಕೆ ಕೋಚ್ ಆದ. ಬಾಕ್ಸರ್ ಜೋ ಲೂಯಿಸ್‌ನ ಬಿರುದನ್ನೇ ತಂಡಕ್ಕೆ ಹೆಸರಾಗಿ ಇಟ್ಟಿದ್ದರು. ಅದೇ ಹೊತ್ತಿಗೆ ಒಂದು ಪತ್ರಿಕೆಯನ್ನೂ ನಡೆಸಿದ. ಆತನ ಮಗ, ಅದೇ ಹೆಸರಿನ ಫ್ರಿಟ್ಜ್ ಪೊಲಾರ್ಡ್, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 110 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಗೆದ್ದ. ಆ ವರ್ಷ ಹಿಟ್ಲರನ ಊರಿನಲ್ಲಿ ಓಡಬಹುದಾಗಿತ್ತು, ಎನ್‌ಎಫ್‌ಎಲ್‌ನಲ್ಲಿ ಓಡುವ ಹಾಗಿರಲಿಲ್ಲ.

ಬಾಗಿಲು ತೆರೆದದ್ದು 1946ರಲ್ಲಿ. ಕ್ಲೀವ್‌ಲ್ಯಾಂಡ್‌ನ ರಾಮ್ಸ್ ತಂಡ ಲಾಸ್ ಏಂಜಲಿಸ್‌ಗೆ ಬಂದು ಅಲ್ಲಿನ ಕೊಲಿಸಿಯಂ ಕ್ರೀಡಾಂಗಣ ಕೇಳಿತು. ಅದು ಜನರ ತೆರಿಗೆ ಹಣದ ಕ್ರೀಡಾಂಗಣ. ಎಲ್ಲರ ಹಣದಲ್ಲಿ ಕಟ್ಟಿದ ಜಾಗದಲ್ಲಿ ಕೆಲವರನ್ನು ಹೊರಗಿಟ್ಟು ಆಡುವುದು ಹೇಗೆ ಅಂತ ಕಪ್ಪು ಪತ್ರಕರ್ತರು ಕೇಳಿದರು. ರಾಮ್ಸ್ ತಂಡ ಕೆನಿ ವಾಷಿಂಗ್ಟನ್, ವುಡಿ ಸ್ಟ್ರೋಡ್ ಇಬ್ಬರನ್ನೂ ಸೇರಿಸಿಕೊಂಡಿತು. ವಾಷಿಂಗ್ಟನ್ ಕಾಲೇಜು ಮುಗಿಸಿದ್ದು 1940ರ ಹೊತ್ತಿಗೆ, ಲೀಗಿಗೆ ಬರುವಾಗ ಮಂಡಿಗಳು ಆಗಲೇ ಸವೆದಿದ್ದವು. ಆ ಕಳೆದುಹೋದ ವರ್ಷಗಳ ಗಜಗಳನ್ನೂ ಯಾರೂ ಎಣಿಸಿಲ್ಲ.

ಗೌರವದ ಪಟ್ಟಿ

1963ರಲ್ಲಿ ಕ್ಯಾಂಟನ್‌ನಲ್ಲಿ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಶುರುವಾಯಿತು. ಮೊದಲ ತಂಡದಲ್ಲಿ 17 ಹೆಸರು. ಥಾರ್ಪ್ ಇದ್ದ, ಗ್ರೇಂಜ್ ಇದ್ದ, ಹಾಲಸ್ ಇದ್ದ, ಮಾರ್ಷಲ್ ಕೂಡ ಇದ್ದ. ಪೊಲಾರ್ಡ್ ಇರಲಿಲ್ಲ. ಆಗ ಆತನಿಗೆ 69 ವರ್ಷ, ಬದುಕಿದ್ದ. 1986ರ ಮೇ 11ರಂದು 92ನೇ ವಯಸ್ಸಿನಲ್ಲಿ ತೀರಿಕೊಂಡ. 1989ರಲ್ಲಿ ಆರ್ಟ್ ಶೆಲ್ ರೇಡರ್ಸ್ ತಂಡದ ಕೋಚ್ ಆದಾಗ ಮೊದಲ ಕಪ್ಪು ಕೋಚ್ ಅಂತ ಸುದ್ದಿಯಾಯಿತು, 'ಆಧುನಿಕ ಕಾಲದ' ಎಂಬ ವಿಶೇಷಣ ಸೇರಿಸಬೇಕಾಯಿತು. 1992ರಲ್ಲಿ ಜಾನ್ ಕ್ಯಾರೊಲ್ ಬರೆದ ಜೀವನಚರಿತ್ರೆ ಬಂತು. 2003ರಲ್ಲಿ ಕಪ್ಪು ತರಬೇತುದಾರರ ಪರವಾಗಿ ಕಟ್ಟಿದ ಸಂಘಟನೆಗೆ ಫ್ರಿಟ್ಜ್ ಪೊಲಾರ್ಡ್ ಅಲಯನ್ಸ್ ಅಂತ ಹೆಸರಿಟ್ಟರು. ಮುಖ್ಯ ಕೋಚ್ ಹುದ್ದೆಗೆ ಬಿಳಿಯೇತರ ಅಭ್ಯರ್ಥಿ ಒಬ್ಬರನ್ನಾದರೂ ಸಂದರ್ಶನ ಮಾಡಲೇಬೇಕು ಎಂಬ 'ರೂನಿ ನಿಯಮ' ಬಂದದ್ದೂ ಅದೇ ವರ್ಷ. ಹಿಂದೆ ಬರೆಯದ ನಿಯಮ ಮಾಡಿದ್ದ ಕೆಲಸವನ್ನು ತೆಗೆಯಲು ಈಗ ಬರೆದ ನಿಯಮ ಬೇಕಾಯಿತು. 2005ರಲ್ಲಿ ಪೊಲಾರ್ಡ್ ಹೆಸರು ಹಾಲ್ ಆಫ್ ಫೇಮ್ ಸೇರಿತು, ಸತ್ತು ಹತ್ತೊಂಬತ್ತು ವರ್ಷಗಳಾದ ಮೇಲೆ.

ಥಾರ್ಪ್‌ನ ಗಜಗಳನ್ನೂ ಯಾರೂ ಎಣಿಸಿರಲಿಲ್ಲ ಅಂದೆ. ಆದರೂ ಆತ ಮೊದಲ ಹದಿನೇಳರಲ್ಲಿ ಇದ್ದ. ಅಂಕಿ ಇಲ್ಲದ ಕಡೆ ಹೆಸರನ್ನು ಉಳಿಸುವುದು ಜನರ ಮಾತು, ಪತ್ರಿಕೆ, ಅದೇ ಊರಿನಲ್ಲಿ ಮುಂದುವರಿಯುವ ಆಟ. ಹನ್ನೆರಡು ವರ್ಷ ಕಪ್ಪು ಆಟಗಾರರೇ ಇಲ್ಲದ ಲೀಗಿನಲ್ಲಿ 'ಹಿಂದೆ ಒಬ್ಬ ಹೀಗೆ ಓಡುತ್ತಿದ್ದ' ಅಂತ ಹೇಳುವ ಸಂದರ್ಭವೇ ಬರಲಿಲ್ಲ. ಅಂಕಿ ಇಲ್ಲದಿರುವುದು, ಹೊರಗಿಟ್ಟಿದ್ದು ಎರಡೂ ಸೇರಿ ಮರೆವನ್ನು ಮಾಡಿದವು ಅನ್ನುವುದು ನನ್ನ ವಾದ.

ಚರ್ಚೆ

(ಪ್ರಬಂಧದ ನಂತರ ವಿಭಾಗದ ಹಿರಿಯ ಅಧ್ಯಾಪಕಿಯೊಬ್ಬರು ಕೇಳಿದ ಪ್ರಶ್ನೆ: ಅಂಕಿಅಂಶ ಇಲ್ಲ ಅಂತೀರಿ, ನೆನಪನ್ನು ಪೂರ್ತಿ ನಂಬಲಾಗದು ಅಂತೀರಿ. ಹಾಗಿದ್ದ ಮೇಲೆ ಪೊಲಾರ್ಡ್ ಶ್ರೇಷ್ಠ ಓಟಗಾರ ಅಂತ ಯಾವ ಆಧಾರದಲ್ಲಿ ಹೇಳುತ್ತೀರಿ?)

ಒಳ್ಳೆ ಪ್ರಶ್ನೆ ಮೇಡಂ, ಇದಕ್ಕೆ ಹೆದರಿಕೊಂಡೇ ಬಂದಿದ್ದೆ. ಮೂರು ಆಧಾರ ಹೇಳ್ತೇನೆ. ಒಂದು, 1916ರ ಕ್ಯಾಂಪ್‌ನ ಪಟ್ಟಿ. ಅದು ಆಮೇಲಿನ ನೆನಪಲ್ಲ, ಆಗಲೇ ಅಚ್ಚಾದದ್ದು. ಎರಡು, ಪಂದ್ಯಗಳ ಫಲಿತಾಂಶ. ಒಬ್ಬನ ಗಜ ಎಣಿಸದಿದ್ದರೂ ತಂಡದ ಅಂಕ ಎಣಿಸಿದ್ದಾರೆ, ಆ 151-7 ಈಗಲೂ ಇದೆ. ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುತ್ತದೆ. ತಮ್ಮ ಪ್ರೇಕ್ಷಕರಿಗೇ ಇಷ್ಟವಿಲ್ಲದ ಮನುಷ್ಯನನ್ನು ಏಳು ವರ್ಷ ಒಂದಲ್ಲ ಒಂದು ತಂಡದ ಮಾಲೀಕರು ಹಣ ಕೊಟ್ಟು ಕರೆಸಿಕೊಂಡರು, ತಂಡವನ್ನೇ ಆತನ ಕೈಗೆ ಕೊಟ್ಟರು. ಅವರೇನು ಸಮಾಜ ಸುಧಾರಕರಲ್ಲ, ವ್ಯಾಪಾರಿಗಳು. ಗೆಲ್ಲಿಸುತ್ತಾನೆ ಅಂತ ಗೊತ್ತಿರದಿದ್ದರೆ ಚುಟ್ಟಾ ಅಂಗಡಿಯಿಂದ ಮೈದಾನಕ್ಕೆ ಕಾರು ಕಳಿಸುತ್ತಿದ್ದರೇ?

ಒಂದು ಕೋರಿಕೆಯ ಜೊತೆ ಮುಗಿಸುತ್ತೇನೆ. ನಮ್ಮ ತಾಲ್ಲೂಕುಗಳಲ್ಲೂ ಕಬಡ್ಡಿ, ವಾಲಿಬಾಲ್, ಕುಸ್ತಿ ಆಡಿದ ಹಿರಿಯರಿದ್ದಾರೆ. ಅವರ ಪಂದ್ಯಗಳ ಲೆಕ್ಕ ಎಷ್ಟು ಕಡೆ ಬರೆದಿಟ್ಟಿದ್ದಾರೋ! ಅವರನ್ನು ಮಾತಾಡಿಸಿ, ಧ್ವನಿ ಮುದ್ರಿಸಿ, ದಿನಾಂಕಗಳನ್ನು ಹಳೆಯ ಪತ್ರಿಕೆಗಳ ಜೊತೆ ಹೋಲಿಸಿ ನೋಡಿ. ಹಾಡಿನ ವರ್ಷ ತಪ್ಪಿದೆ ಅಂತ ಅವಮಾನದ ಕಥೆಯನ್ನು ಮಾತ್ರ ಎಸೆಯಬೇಡಿ.